ಕೊನೆಯ ಹದಿಮೂರು ಹಾಳೆ

ದರೋಜಿ ಕೆರೆಯ ಹಿಂದಿನ ಹೊಲದಲ್ಲಿ
ನಾಲ್ಕು ಜಾಲಿಗೂಟದ ಮೇಲೆ ನಮ್ಮ ಅಟ್ಟಣಿಗೆ.
ಕೆಳಗೆ ಕಾಯಿ ಬಲಿತ ಶೇಂಗಾ,
ಮೇಲೆ ಗಾದಿಲಿಂಗ ಮಾವ, ನಾನು, ಒಂದು ಕಂದೀಲು,
ಮತ್ತು ಶಾಲೆಯ ಕಪಾಟಿನಿಂದ ಹೇಳದೆ ತಂದ
ರಟ್ಟು ಹರಿದ ಕಾದಂಬರಿ.

ಅದರಲ್ಲಿ ಬರೀ ಹಿಮ.
ನಾಯಕ ಒಬ್ಬನೇ. ಬೂಟಿನೊಳಗೆ ಬೆರಳು ಕಪ್ಪಾಗಿವೆ,
ಗಡ್ಡ ಗಾಜಾಗಿದೆ, ಸೊಂಟದಲ್ಲಿ ಚೂರಿ.
"ಹಿಮ ಅಂದ್ರೇನಲೆ?" ಮಾವ ಕೇಳಿದ.
ನಾನೂ ನೋಡಿದವನಲ್ಲ.
ಬಳ್ಳಾರಿ ಬಸ್‌ಸ್ಟ್ಯಾಂಡಿನ ಐಸಿನ ಗಾಡಿಯವನು
ಹಲಗೆಗೆ ಉಜ್ಜುವಾಗ ಉದುರುತ್ತದಲ್ಲ,
ಅದು, ಸಂಡೂರಿನ ಗುಡ್ಡದಷ್ಟು, ಅಂದೆ.
ಮಾವ ಬಹಳ ಹೊತ್ತು ಕತ್ತಲನ್ನೇ ನೋಡಿದ.
"ಅಷ್ಟು ತಂಪಿನಾಗಿದ್ದು ಸಾಯ್ತಾನಂತೇನ ಅವ?"

ಮುಂದೆ ಓದಿದೆ. ನಿನ್ನನ್ನು ಗೆದ್ದೇ ತೀರುತ್ತೇನೆ ಎಂದು
ನಾಯಕ ಬೆಟ್ಟಕ್ಕೆ ಮುಷ್ಟಿ ತೋರಿಸುವ ಪುಟ.
"ಇನ್ನೊಮ್ಮೆ ಓದು." ಓದಿದೆ.
"ಯಾರ ಹೊಲ ಕಾಯಾಕ ಹೋಗಿದ್ದ?"
ಯಾರದೂ ಅಲ್ಲ.
"ಎಮ್ಮಿ ತಪ್ಪಿಸಿಕೊಂಡಿತ್ತೇನು?"
ಇಲ್ಲ ಮಾವ, ಸುಮ್ಮನೆ. ಯಾರೂ ಹೋಗದ ಜಾಗ ಅಂತ.
"ಯಾರೂ ಹೋಗಿಲ್ಲಂದ್ರ," ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿದ,
"ಅದಕ್ಕೊಂದು ಕಾರಣ ಇರತದ."

ಬಲಗಿವಿಗೆ. ಎಡಗಿವಿ ಅರ್ಧವೇ ಇತ್ತು.
ಉಳಿದರ್ಧ ಕರಡಿಯ ಹತ್ತಿರ ಇದೆ ಅನ್ನುತ್ತಿದ್ದ
ಅಡವಿಟ್ಟವನ ಹಾಗೆ.
ಬಾರಿಗಿಡದ ಕೆಳಗೆ ಇಬ್ಬರೂ ತಲೆ ತಗ್ಗಿಸಿ ಆಯುತ್ತಿದ್ದರಂತೆ,
ಈ ಕಡೆ ಇವನು, ಆ ಕಡೆ ಅದು.
"ಅದೂ ಹೆದರಿತ್ತು, ನಾನೂ ಹೆದರಿದ್ದೆ.
ಅದರ ಉಗುರು ಉದ್ದ, ಅಷ್ಟ."
ಕಥೆ ಇಷ್ಟೇ. ಇದರಲ್ಲಿ ಚೂರಿ ಇಲ್ಲ.

ಗುಂತಕಲ್ಲಿನ ಗಾಡಿ ಹೋದ ಮೇಲೆ ಬಂತು.
ಮೊದಲು ಶಬ್ದ: ಯಾರೋ ಹಲ್ಲಿಲ್ಲದ ಮುದುಕ
ಬಿಸಿ ಸಾರು ಸೊರ್ರೆಂದು ಕುಡಿದಂತೆ.
ಬಳ್ಳಿ ಕಿತ್ತು, ಮಣ್ಣು ಕೊಡವಿ,
ಕೂಲಿಗೆ ಬಂದವರ ಹಾಗೆ ಸಾಲು ಹಿಡಿದು ಬರುತ್ತಿತ್ತು.
ಬೆನ್ನ ಮೇಲೆ ಎರಡು ಮರಿ.
ಡಬ್ಬಿ ಬಡಿದೆವು. ಕೂಗಿದೆವು.
ಕಂದೀಲು ಎತ್ತಿದರೆ ಎದ್ದು ನಿಂತಿತು,
ಎದೆಯ ಮೇಲೆ ಬಿಳಿ ಪಟ್ಟಿ,
ಗೂಟಕ್ಕೆ ಕೈ ಹಚ್ಚಿತು.
ನನ್ನ ಹಲ್ಲು ಕಟಕಟ ಅಂದಿತೋ, ಅಟ್ಟಣಿಗೆಯೋ.

ಕಟ್ಟಿಗೆ ಸಂಜೆಯ ಅಡ್ಡಮಳೆಗೆ ತೊಯ್ದಿತ್ತು.
ಮಾವ ಪುಸ್ತಕಕ್ಕೆ ಕೈ ಚಾಚಿದ.
"ಮುಂದಿಂದ ಹರೀಲೋ, ಹಿಂದಿಂದೋ?"
ಅಂಥ ಹೊತ್ತಲ್ಲಿ ಹಾಗೆ ಕೇಳಿದವನು ಅವನು.
ಓದಿದ್ದನ್ನು ಬಿಡಲು ಮನಸ್ಸಾಗಲಿಲ್ಲ.
ಹಿಂದಿಂದ, ಅಂದೆ.

ಸುರುಳಿ ಮಾಡಿ, ಚಿಮಣೆಣ್ಣೆಯಲ್ಲಿ ಅದ್ದಿ,
ಒಂದೊಂದಾಗಿ ಕೆಳಗೆ ಬಿಟ್ಟ.
ಹಿಮ ಭಗ್ಗನೆ ಹೊತ್ತಿತು. ಮುಷ್ಟಿ, ಬೂಟು, ಚೂರಿ,
ಅವನು ಏರಿದನೋ ಬಿದ್ದನೋ ಎಂಬ ವಾಕ್ಯ
ಶೇಂಗಾದ ಸಾಲಿನಲ್ಲಿ ಕರಿ ಚಿಟ್ಟೆಯಾಗಿ ಹಾರಿತು.

ಅದು ಓಡಲಿಲ್ಲ.
ಹೊತ್ತಾಯಿತು ಎಂಬಂತೆ ತಿರುಗಿತು.
ಒಂದು ಮರಿ ಜಾರಿ ಬಿದ್ದಿತ್ತು;
ನಿಂತಿತು, ಹತ್ತಿಸಿಕೊಂಡಿತು,
ಆಮೇಲೆ ಗುಂಡುಗಲ್ಲುಗಳ ನಡುವೆ
ಯಾವುದು ಕಲ್ಲು ಯಾವುದು ಅದು ತಿಳಿಯಲಿಲ್ಲ.

ಬೆಳಿಗ್ಗೆ ಮಾವ ಸಾಲು ಎಣಿಸಿದ.
"ಮೂರು ಅದರವು, ಉಳಿದವು ನಮ್ಮವು."
ಕಾದಂಬರಿಯನ್ನು ಕಪಾಟಿನಲ್ಲಿಟ್ಟೆ.
ಮೇಷ್ಟ್ರು ಖಾಜಾ ಹುಸೇನರು ಪುಟ ಎಣಿಸಲಿಲ್ಲ.

ಈಗಲೂ ಸಿಕ್ಕಾಗ ಆ ಅರ್ಧ ಕಿವಿ ಮುಂದೆ ಮಾಡಿ ಕೇಳುತ್ತಾನೆ:
"ಅವ ಮನೀಗೆ ಬಂದನೇನಲೆ?"
ಗೊತ್ತಿಲ್ಲ ಮಾವ, ಅಂದರೆ ಒಪ್ಪುವುದಿಲ್ಲ.
"ಓದಿದಾವ ನೀನು," ಅನ್ನುತ್ತಾನೆ,
"ಸುಟ್ಟಾವ ನಾನು. ನಾನೇ ಕೇಳಾಕತ್ತೀನಿ."